ಸಂಜೆ ಆರರ ಸೂಜಿ

ಮನೆಯಿಂದ,
ಮಾರ್ಚ್ ೧೨, ಗುರುವಾರ ಮಧ್ಯಾಹ್ನ

ನನ್ನ ಮುದ್ದು ಮಗನೇ,

ಹೇಗಿದ್ದೀಯ? ಹಡಗಿನ ಇಂಜಿನ್ ಕೋಣೆಯ ಸೆಕೆಗೆ ಎದ್ದಿದ್ದ ಬೆವರುಸಾಲೆ ವಾಸಿಯಾಯಿತೇ? ಹೊತ್ತಿಗೆ ಸರಿಯಾಗಿ ಊಟ ಮಾಡು. ನನ್ನ ಮಂಡಿನೋವು ಇದ್ದ ಹಾಗೇ ಇದೆ. ಹೊಲಿಗೆ ಯಂತ್ರ ತುಳಿಯುವುದಕ್ಕೇನೂ ತೊಂದರೆಯಿಲ್ಲ.

ನಿನ್ನ ಹೆಂಡತಿಯ ಗರ್ಭದಲ್ಲಿ ಡಾಕ್ಟರು ಭ್ರೂಣವಿಟ್ಟು ಇವತ್ತಿಗೆ ಹನ್ನೆರಡು ದಿನ. ಹೋದ ಸಲ ಗರ್ಭ ನಿಲ್ಲದೆ ಹೋದಾಗ, “ಓಡಾಡಬೇಡ ಅಂದ್ರೆ ಕೇಳಿದ್ಯಾ?” ಎಂದು ನಾನು ಅವಳ ಮೇಲೆ ರೇಗಿದ್ದೆ. ಈ ಸಲ ನರ್ಸಮ್ಮ ನನ್ನನ್ನೇ ಕೂರಿಸಿಕೊಂಡು ಬಿಡಿಸಿ ಹೇಳಿದರು: “ಓಡಾಡಿದ್ರಿಂದ ಹಾಗಾಗಲ್ಲಮ್ಮ. ಗರ್ಭ ನಿಲ್ಲೋದಕ್ಕೆ ಬೇಕಾದ ಹಾರ್ಮೋನು ರಕ್ತದಲ್ಲಿ ಕಮ್ಮಿ ಇತ್ತು, ಅದೂ ಕಾರಣ ಇರಬಹುದು. ಈ ಸಲ ಮಾತ್ರೆ ಜೊತೆ ಇಂಜೆಕ್ಷನ್ನೂ ಇದೆ. ದಿನಾ ಒಂದೇ ಹೊತ್ತಿಗೆ ಕೊಡ್ಬೇಕು.” ಮನೆಗೆ ಬರುವ ದಾರಿಯುದ್ದಕ್ಕೂ ನನಗೆ ಅವಳ ಮುಖ ನೋಡಲಾಗಲಿಲ್ಲ.

ಚುಚ್ಚುವವಳು ನಾನೇ. ನಲವತ್ತು ವರ್ಷ ಸೂಜಿ ಹಿಡಿದ ಕೈ ಎಂದು ಜಂಬದಿಂದ ಒಪ್ಪಿಕೊಂಡೆ, ನರ್ಸಮ್ಮನಿಂದ ಕಲಿತೂ ಬಂದೆ. ಮೊದಲ ದಿನ ಎರಡು ಸಲ ಸೂಜಿ ಹತ್ತಿರ ತಂದು ಹಿಂದಕ್ಕೆಳೆದುಕೊಂಡೆ. “ದಿಂಬು ಅಂದ್ಕೊಂಡು ಚುಚ್ಚಿಬಿಡಿ ಅತ್ತೆ” ಎಂದಳು, ತುಂಟಿ.

ಮೊನ್ನೆ ಸೋಮವಾರ ಅವಳು ಕೆಲಸ ಮಾಡುವ ಲೈಬ್ರರಿಯಲ್ಲಿ ಪುಸ್ತಕಗಳ ತಪಾಸಣೆ ಮುಗಿಯದೆ ಅವಳು ಅಲ್ಲೇ ಸಿಕ್ಕಿಕೊಂಡಳು. ನಾನು ಔಷಧಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದೆ. ಹಳೆಯ ಪತ್ರಿಕೆಗಳ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು, ಆರಕ್ಕೆ ಸರಿಯಾಗಿ ಅವಳ ಸೊಂಟಕ್ಕೆ ಚುಚ್ಚಿದೆ. ಅಲ್ಲೇ, “ಹೋದ ಸಲ ಹಾಗೆ ಅಂದಿದ್ದು ತಪ್ಪಾಯ್ತು ಕಣಮ್ಮ” ಎಂದೆ. ಅವಳು ಈ ಕಡೆ ತಿರುಗಲಿಲ್ಲ. “ಹೋಗ್ಲಿ ಬಿಡಿ ಅತ್ತೆ” ಎಂದಳು. ಬಟ್ಟೆ ಸರಿಮಾಡಿಕೊಳ್ಳುತ್ತಾ, “ಅವತ್ತು ತುಂಬಾ ನೋವಾಗಿತ್ತು” ಎಂದಳು. ಬಸ್ಸಿನಲ್ಲಿ ನನ್ನ ಪಕ್ಕದಲ್ಲೇ ಕೂತು, ದಾರಿಯುದ್ದಕ್ಕೂ ಮಾತಾಡಿಕೊಂಡು ಬಂದಳು. ನನ್ನ ಎದೆಯ ಮೇಲಿನ ಭಾರ ಇಳಿದ ಹಾಗಾಯಿತು.

ಇವತ್ತು ಬೆಳಿಗ್ಗೆ ರಕ್ತಪರೀಕ್ಷೆಗೆ ಹೋಗಿ ಬಂದಿದ್ದಾಳೆ. ಏನೇ ಬರಲಿ, ಅವಳನ್ನು ನಾನು ನೋಡಿಕೊಳ್ಳುತ್ತೇನೆ. ನೀನು ನೆಮ್ಮದಿಯಾಗಿರು, ನೂರು ಕಾಲ ಬಾಳು.

ನಿನ್ನ ದಾರಿ ಕಾಯುತ್ತಿರುವ
ಅಮ್ಮ

ತಾ.ಕ.: ಲಕೋಟೆ ಅಂಟಿಸುತ್ತಿದ್ದೆ, ನರ್ಸಮ್ಮನ ಫೋನ್ ಬಂತು. ನಿಂತಿದೆ ಕಣೋ! ಇಂಜೆಕ್ಷನ್ ಮಾತ್ರ ಇನ್ನೂ ಆರೇಳು ವಾರ ಬಿಡುವ ಹಾಗಿಲ್ಲವಂತೆ. ಇವಳು ಅಳುತ್ತಾ ನಗುತ್ತಾ ನನ್ನ ಹೆಗಲಿಗೊರಗಿದ್ದಾಳೆ, ಬರೆಯಲು ಬಿಡುತ್ತಿಲ್ಲ. ಬಂದರಿನಲ್ಲಿ ಈ ಕಾಗದ ಸಿಕ್ಕಿದ ಕೂಡಲೇ ಫೋನ್ ಮಾಡು. ಮೊದಲು ಅವಳಿಗೆ, ಆಮೇಲೆ ನನಗೆ.