ಮೂರನೇ ಪ್ಲಾಟಿನ ಎಣಿಕೆ

ಐತಪ್ಪಣ್ಣ,

ಎದುರಿಗಿದ್ದಾಗ ನಿಮ್ಮನ್ನು ಒಂದು ದಿನವೂ ಅಣ್ಣ ಎಂದು ಕರೆದವಳಲ್ಲ ನಾನು. ಮೂರು ವರ್ಷ ಮಲ್ಲಂದೂರಿನ ಆ ತೋಟದಲ್ಲಿ ನಿಮ್ಮ ಬೆನ್ನ ಹಿಂದೆಯೇ ತಿರುಗಿದೆ, ನಿಮ್ಮ ಮನೆಯಾಕೆ ಕಮಲಕ್ಕ ಕಟ್ಟಿಕೊಟ್ಟ ಬುತ್ತಿಯಲ್ಲಿ ಪಾಲು ಕೇಳಿ ತಿಂದೆ, ಆದರೂ ನೀವು ನನಗೆ ಬರೀ ಮೇಸ್ತ್ರಿ. ಕಮಲಕ್ಕನನ್ನು ಅಕ್ಕ ಎನ್ನಲು ಬಂದ ಬಾಯಿಗೆ ನಿಮ್ಮನ್ನು ಅಣ್ಣ ಎನ್ನಲು ಏನಾಗಿತ್ತೋ. ಈಗ ಧೈರ್ಯವಾಗಿ ಕರೆಯುತ್ತಿದ್ದೇನೆ, ನೀವು ತಿರುಗಿ ನೋಡುವುದಿಲ್ಲವಲ್ಲ, ಅದಕ್ಕೆ. ನಿಮಗೆ ಹೇಳಬೇಕಾದ ಒಂದು ಮಾತಿದೆ. ಹೇಳಲು ಆರು ವರ್ಷ ಸಮಯವಿತ್ತು. ಫೋನ್ ನಂಬರ್ ಇತ್ತು, ಬಸ್ಸಿತ್ತು, ನೀವೂ ಇದ್ದಿರಿ.

ಮೊದಲ ದಿನ ನೆನಪಿದೆಯೇ? ಮೂಡಿಗೆರೆಯಿಂದ ಬಂದ ಮೇಷ್ಟರ ಮಗಳು, ಪಿಎಚ್‌ಡಿ ಮಾಡುವವಳು, ಕೈಯಲ್ಲಿ ಟ್ಯಾಬ್, ತಲೆಗೆ ಹ್ಯಾಟು. ಅರೇಬಿಕಾ ಗಿಡದ ಕಾಂಡ ಕೊರೆಯುವ ಬೋರರ್ ಹುಳದ ಬಗ್ಗೆ ಸಂಶೋಧನೆಗೆ ಬಂದಿದ್ದೇನೆ ಎಂದು ತೋಟದ ಸಾಹುಕಾರರಿಗೆ ಹೇಳಿದೆ. ಅವರು ನಿಮ್ಮನ್ನು ತೋರಿಸಿ, 'ಇವ್ರ ಜೊತೆ ಹೋಗಿ, ಪುಸ್ತಕದಲ್ಲಿ ಇಲ್ಲದ್ದು ಇವ್ರ ಹತ್ರ ಇದೆ' ಅಂದರು. ನೀವು ಒಂದು ಗಿಡದ ಮುಂದೆ ಕುಕ್ಕರುಗಾಲಲ್ಲಿ ಕೂತು, ನನ್ನ ಹೆಬ್ಬೆರಳು ಹಿಡಿದು ಕಾಂಡದ ಮೇಲೆ ಮೇಲಿಂದ ಕೆಳಗೆ ಎಳೆದಿರಿ. 'ಸಿಕ್ತಾ ಮೇಡಂ? ಇಲ್ಲಿ ಸಣ್ಣಕೆ ಏಣು ಎದ್ದಿದೆ ನೋಡಿ. ಒಳಗೆ ಹುಳ ಓಡಾಡ್ತದೆ.' ನನಗೆ ಏನೂ ಸಿಗಲಿಲ್ಲ. ಸಿಕ್ಕಿತು ಎಂದೆ. ಈಗ ಯೋಚಿಸಿದರೆ, ನಿಮಗೆ ಹೇಳಿದ ಮೊದಲ ಸುಳ್ಳು ಅದೇ ಇರಬೇಕು.

ಪ್ಲಾಟ್ ಗುರುತು ಹಾಕಿದ ದಿನ ನಿಮ್ಮ ಮುಖ ಹೇಗಿತ್ತು ಎಂದು ನಾನು ನೋಡಲೇ ಇಲ್ಲ. ಒಂದೇ ಇಳಿಜಾರಿನಲ್ಲಿ, ಒಂದೇ ಸಿಲ್ವರ್ ಓಕ್ ನೆರಳಿನಲ್ಲಿ ಮೂರು ಪ್ಲಾಟ್. ಮೊದಲನೆಯದಕ್ಕೆ ಹೊಸ ಮದ್ದು. ಎರಡನೆಯದಕ್ಕೆ ಕಾಂಡಕ್ಕೆ ಸುಣ್ಣ. ಮೂರನೆಯದಕ್ಕೆ ಏನೂ ಇಲ್ಲ. ಮದ್ದಿಲ್ಲ, ಸುಣ್ಣವಿಲ್ಲ, ಬೋರರ್ ಹಿಡಿದ ಗಿಡ ಹುಡುಕಿ ಕೀಳುವ ಟ್ರೇಸಿಂಗೂ ಇಲ್ಲ. ಹುಳ ಏನು ಮಾಡುತ್ತದೋ ಮಾಡಲಿ, ಆಗಲೇ ಮದ್ದಿನ ಬೆಲೆ ತಿಳಿಯುವುದು ಎಂದು ಪಾಠ ಮಾಡಿದೆ.

'ಏನೂ ಮಾಡೋದಿಲ್ವಾ? ಬೋರರ್ ಕಂಡ್ರೂ?'

'ಕಂಡರೂ ಮುಟ್ಟಬಾರದು.'

'ಪಕ್ಕದ ಗಿಡಕ್ಕೆ ಹೋಗ್ತದಲ್ಲ ಮೇಡಂ.'

'ಹೋಗಲಿ. ಅದನ್ನೇ ನಾವು ನೋಡಬೇಕಿರುವುದು.'

'ಆಯ್ತು ಹಂಗಾರೆ, ನೀವು ಹೇಳಿದ್ಮೇಲೆ' ಎಂದು ನೀವು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡಿರಿ. ಒಪ್ಪಿಕೊಂಡಿರಿ ಎಂದುಕೊಂಡೆ. ಮೂವತ್ತು ವರ್ಷ ಬೋರರ್ ಗಿಡ ಕಂಡಲ್ಲಿ ಕಿತ್ತು ಸುಟ್ಟ ಕೈಗೆ, ಕಂಡೂ ಸುಮ್ಮನಿರು ಎಂದು ಹೇಳಿದರೆ ಅದು ಎಷ್ಟು ದಿನ ಸುಮ್ಮನಿದ್ದೀತು? ನನ್ನ ಗೈಡ್ ನನ್ನನ್ನು ಕೇಳಿದ್ದ ಪ್ರಶ್ನೆಗಳಲ್ಲಿ ಇದೊಂದು ಇರಲಿಲ್ಲ.

ಕೊನೆಯ ಎಣಿಕೆಯ ದಿನ, ಮೂರನೇ ಪ್ಲಾಟಿನಲ್ಲಿ ನಿಂತು ನನಗೆ ದಿಕ್ಕೇ ತೋಚಲಿಲ್ಲ. ಗಿಡಗಳೆಲ್ಲ ಹಸಿರಾಗಿ ನಿಂತಿದ್ದವು. ಅಲ್ಲಲ್ಲಿ ಒಂದೊಂದು ಜಾಗ ಖಾಲಿ. ಕಾಲಲ್ಲಿ ತರಗೆಲೆ ಸರಿಸಿದರೆ ಕೆಳಗೆ ಗಿಡ ಕಿತ್ತ ಗುಂಡಿ. ಕಳೆ ತೆಗೆಯುತ್ತಿದ್ದ ಹೆಂಗಸರಲ್ಲಿ ಗಿರಿಜ ನಕ್ಕುಬಿಟ್ಟಳು. 'ಮೇಸ್ತ್ರಿ ಭಾನುವಾರ ಭಾನುವಾರ ಬಂದು ಕೀಳ್ತಿದ್ರಲ್ಲ, ನಿಮ್ಗೆ ಗೊತ್ತಿಲ್ವಾ?' ನನಗೆ ರಕ್ತ ತಲೆಗೇರಿತು. ನೀವು ಬಂದಿರಿ. ಅಷ್ಟೂ ಹೆಂಗಸರ ಎದುರು, ನನ್ನ ಅಪ್ಪನ ವಯಸ್ಸಿನ ನಿಮ್ಮನ್ನು ಏಕವಚನದಲ್ಲಿ ಬೈದೆ. ನಿನಗೆ ಬುದ್ಧಿ ಇದೆಯಾ, ನನ್ನ ಮೂರು ವರ್ಷ ಹಾಳು ಮಾಡಿದೆಯಲ್ಲ, ಎಂದೆ. ಗಿರಿಜ ನಗು ನಿಲ್ಲಿಸಿ ಕತ್ತಿ ಎತ್ತಿಕೊಂಡು ಬೇರೆ ಸಾಲಿಗೆ ಹೋದಳು. ನೀವು ನೆಲ ನೋಡುತ್ತಾ, 'ಬಿಟ್ಟು ಹೋಗಕ್ಕೆ ಮನಸ್ಸಾಗ್ಲಿಲ್ಲ ಮೇಡಂ. ಕೆಂಪಿರುವೆ ಕಚ್ಚಿದ ಹಂಗೆ ಆಗ್ತಿತ್ತು. ನಂದೇ ತಪ್ಪು' ಅಂದಿರಿ. ಕಿತ್ತದ್ದು ಎಷ್ಟು, ಯಾವ ಸಾಲಿನಲ್ಲಿ, ಎಲ್ಲವನ್ನೂ ಒಂದೂ ತಪ್ಪದೆ ಹೇಳಿದಿರಿ. ನಾನು ಬರೆದುಕೊಂಡೆ. ಆ ಹಾಳೆ ಇನ್ನೂ ನನ್ನ ಬಳಿ ಇದೆ.

ಮುಂದೆ ನಾನು ಮಾಡಿದ್ದು ನಿಮಗೆ ಗೊತ್ತಿಲ್ಲ. ಸ್ಕಾಲರ್‌ಶಿಪ್ಪು ಮುಗಿಯುತ್ತಾ ಬಂದಿತ್ತು. ಗೈಡ್ ನಿವೃತ್ತಿಯಾಗುವವರಿದ್ದರು. ಒಂದು ಕಾಲೇಜಿನಲ್ಲಿ ಕೆಲಸ ಖಾಲಿ ಇತ್ತು, ಪಿಎಚ್‌ಡಿ ಆಗಿದ್ದರೆ ಸಿಗುವಂಥದ್ದು. ಇನ್ನು ಮೂರು ವರ್ಷ ಮತ್ತೆ... ನನ್ನಿಂದ ಆಗುತ್ತಿರಲಿಲ್ಲ ಐತಪ್ಪಣ್ಣ, ಅಥವಾ ಆಗುವುದಿಲ್ಲ ಎಂದುಕೊಂಡೆ. ಎಸ್ಟೇಟಿನ ಗೆಸ್ಟ್‌ಹೌಸಿನಲ್ಲಿ, ಊಟವಾದ ಮೇಲೆ, ಕಾಫಿ ಕುಡಿಯುತ್ತಾ ಹೊಸ ಹಾಳೆಗಳಲ್ಲಿ ಮೂರನೇ ಪ್ಲಾಟನ್ನು ಪೂರ್ತಿ ಹೊಸದಾಗಿ ಬರೆದೆ. ನೀವು ಕೈಹಾಕದಿದ್ದರೆ ಎಷ್ಟು ಗಿಡ ಹೋಗಬಹುದಿತ್ತು ಎಂದು ಅಂದಾಜು ಮಾಡಿ, ಅಷ್ಟೂ ಹೋಗಿವೆ ಎಂದು ಬರೆದೆ. ಇದು ಸುಳ್ಳಲ್ಲ, ಆಗಬೇಕಿದ್ದ ಸತ್ಯ ಎಂದು ನನಗೆ ನಾನೇ ಹೇಳಿಕೊಂಡೆ. ಓದಿದವರಿಗೆ ಹೀಗೆ ಹೇಳಿಕೊಳ್ಳಲು ಮಾತಿಗೇನು ಬರ.

ನಾಚಿಕೆಯ ಮೇಲೆ ನಾಚಿಕೆ ಇನ್ನೊಂದಿದೆ. ನೀವು ಕಿತ್ತ ಗಿಡಗಳನ್ನು ಸೇರಿಸಿ ಎಣಿಸಿದರೂ ಮೂರನೇ ಪ್ಲಾಟಿನಲ್ಲಿ ಹೋದದ್ದು ಹೆಚ್ಚುಕಡಿಮೆ ಮದ್ದಿನ ಪ್ಲಾಟಿನಲ್ಲಿ ಹೋದಷ್ಟೇ. ಒಬ್ಬ ಮನುಷ್ಯ, ವಾರಕ್ಕೊಂದು ದಿನ, ಬರಿಗೈಯಲ್ಲಿ ಮಾಡಿದ ಕೆಲಸ ಅದು. ನಾನು ಹುಡುಕಿಕೊಂಡು ಬಂದದ್ದೇ ಕಣ್ಣ ಮುಂದಿತ್ತು. ಇದ್ದದ್ದನ್ನು ಇದ್ದ ಹಾಗೆ ಬರೆದು, ಹೀಗಾಯಿತು, ಇದನ್ನು ಸರಿಯಾಗಿ ಪರೀಕ್ಷಿಸಬೇಕು ಎಂದಿದ್ದರೆ ಯಾರಾದರೂ ಬೇಡವೆನ್ನುತ್ತಿದ್ದರೇ? ಅದು ನನಗೆ ಹಾಳಾದ ಪ್ಲಾಟಾಗಿ ಕಂಡಿತು, ಅಷ್ಟೇ.

ಡಾಕ್ಟರೇಟ್ ಬಂದ ಮೇಲೆ ಸ್ವೀಟ್ ಬಾಕ್ಸ್ ಹಿಡಿದು ಕೆಲಸಗಾರರ ಸಾಲಿನಲ್ಲಿದ್ದ ನಿಮ್ಮ ಲೈನ್ ಮನೆಗೆ ಬಂದೆ. 'ಡಾಕ್ಟ್ರಾದ್ರಂತಲ್ಲ, ನನ್ನ ಮಂಡಿಗೆ ಒಂದು ಮಾತ್ರೆ ಬರ್ಕೊಡಿ ಮಾರಾಯ್ತಿ' ಎಂದು ಕಮಲಕ್ಕ ತಮಾಷೆ ಮಾಡಿದರು. ನನ್ನ ಪ್ರಬಂಧದ ಕೃತಜ್ಞತೆಯ ಪುಟದಲ್ಲಿ ನಿಮ್ಮ ಹೆಸರಿತ್ತು, ಓದಿ ಹೇಳಿದೆ. ನಿಮಗೆ ಎಷ್ಟು ಖುಷಿಯಾಯಿತೆಂದರೆ ಕೈ ತೊಳೆದುಕೊಂಡು ಬಂದು ಪುಸ್ತಕ ಮುಟ್ಟಿದಿರಿ. ಇಂಗ್ಲಿಷ್ ಬಾರದಿದ್ದರೂ ಒಂದೊಂದೇ ಹಾಳೆ ತಿರುಗಿಸಿದಿರಿ. ಮೂರು ಕಂಬಗಳ ಚಿತ್ರ ಬಂದಾಗ ನಿಂತಿರಿ.

'ಈ ಉದ್ದದ್ದು ಯಾವ್ದು ಮೇಡಂ?'

'ಮೂರನೇ ಪ್ಲಾಟು.'

'ಉದ್ದ ಅಂದ್ರೆ? ಗಿಡ ಹೋಗಿದ್ದಾ?'

'ಹೌದು.'

ನೀವು ಆ ಕಂಬದ ಮೇಲೆ ಬೆರಳಿಟ್ಟಿರಿ. 'ಇಷ್ಟು ಹೋಗಿಲ್ವಲ್ಲ. ನಾನೇ ಎಣಿಸಿ ಹೇಳಿದ್ನಲ್ಲ' ಅಂದಿರಿ. ಜಗಳವಿರಲಿಲ್ಲ ಆ ದನಿಯಲ್ಲಿ. ತಿಳಿಯದೆ ಕೇಳಿದಿರಿ. ನಾನು ಒಂದು ಕ್ಷಣವೂ ತಡಮಾಡಲಿಲ್ಲ. 'ನೀವು ಚೆನ್ನಾಗಿದೆ ಅಂತ ಬಿಟ್ಟ ಗಿಡಗಳಲ್ಲೂ ಬೋರರ್ ಇತ್ತು ಮೇಸ್ತ್ರಿ. ನಮ್ಮ ಹತ್ತಿರ ಯಂತ್ರ ಇದೆ, ಅದರಲ್ಲಿ ಒಳಗಿನದೂ ಕಾಣ್ತದೆ. ನಿಮ್ಮ ಕಣ್ಣಿಗೆ ಕಂಡಿಲ್ಲ ಅಷ್ಟೆ' ಎಂದೆ. ಅಂಥ ಯಂತ್ರ ನಮ್ಮಲ್ಲಿ ಇರಲಿಲ್ಲ. ನೀವು 'ಹೌದಾ... ಇರ್ಬೋದು, ಇರ್ಬೋದು' ಎಂದು ಪುಸ್ತಕ ಮುಚ್ಚಿ ಎರಡೂ ಕೈಯಲ್ಲಿ ನನಗೆ ವಾಪಸ್ ಕೊಟ್ಟಿರಿ. ನಾನು ಆಲ್ದೂರಿನ ಬಸ್ಸು ಹಿಡಿದೆ. ಪಾರಾದೆ ಎಂದು ಸಮಾಧಾನವೂ ಆಗಿತ್ತು.

ನೀವು ತೀರಿಕೊಂಡ ಸುದ್ದಿಯನ್ನು ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ವಾಟ್ಸಾಪಿನಲ್ಲಿ ಕಳಿಸಿದರು. ತೋಟದಿಂದ ಬಂದು ಜಗಲಿಯ ಮೇಲೆ ಕೂತವರು ಏಳಲಿಲ್ಲವಂತೆ. ಪರೀಕ್ಷೆಯ ಪೇಪರ್ ತಿದ್ದುವ ಕೆಲಸವಿದೆ ಎಂದು ಉತ್ತರ ಬರೆದೆ. ಇತ್ತು, ಆದರೆ ಒಂದು ದಿನ ರಜೆ ಹಾಕಲಾಗದಷ್ಟೇನೂ ಇರಲಿಲ್ಲ. ಉತ್ತರಕ್ರಿಯೆಗೂ ಬರಲಿಲ್ಲ. ಬಂದದ್ದು ನಾಲ್ಕು ತಿಂಗಳ ಮೇಲೆ, ಹೂಮಳೆ ಬಿದ್ದು ತೋಟವೆಲ್ಲ ಬೆಳ್ಳಗೆ ಅರಳಿದ್ದಾಗ. ಕಮಲಕ್ಕ ಬೈಯಲಿಲ್ಲ. ಒಲೆಯ ಮೇಲೆ ಕಾಫಿಗಿಟ್ಟು, ಯಾರದೋ ವಿಷಯ ಹೇಳುವಂತೆ ಹೇಳುತ್ತಾ ಹೋದರು.

'ನೀವು ಪುಸ್ತಕ ತೋರಿಸಿ ಹೋದ್ರಲ್ಲ, ಆಮೇಲೆ ಇವ್ರಿಗೆ ಒಂಥರಾ ಆಯ್ತು ಮೇಡಂ. ಗಿಡ ಮುಟ್ಟೋದು, ಮತ್ತೆ ಮುಟ್ಟೋದು. ಚಿಕ್ಕಮಗಳೂರಿಗೆ ಹೋಗಿ ಕಣ್ಣು ತೋರಿಸ್ಕೊಂಡು ಬಂದ್ರು. ಕಣ್ಣು ಚೆನ್ನಾಗೇ ಇದೆ ಅಂದ್ರಂತೆ ಡಾಕ್ಟ್ರು. ಇವ್ರು ನಂಬ್ಲೇ ಇಲ್ಲ. ಅಕ್ಷರ ಓದೋ ಕಣ್ಣು ಬೇರೆ, ಬೋರರ್ ನೋಡೋ ಕಣ್ಣು ಬೇರೆ ಕಮಲ, ಅದು ನಂಗೆ ಹೋಗಿದೆ ಅಂತಿದ್ರು. ಸಾಹುಕಾರ್ರ ಹತ್ರ ಹೋಗಿ, ನನ್ನ ಟ್ರೇಸಿಂಗಿಗೆ ಹಾಕ್ಬೇಡಿ ಅಂತ ಅವ್ರೇ ಹೇಳಿ ಬಂದ್ರು. ಕೊನೆಗೆ ಕಳೆ ಹೆರೆಯೋ ಗುಂಪಿನ ಜೊತೆ ಹೋಗ್ತಿದ್ರು.'

'ನನಗೆ ಬೈದ್ರಾ?' ಎಂದು ಕೇಳಿದೆ. ಬೈದಿದ್ದರು ಎಂದರೆ ಸಾಕಾಗಿತ್ತು.

'ನಿಮ್ಗ್ಯಾಕೆ ಬೈತಾರೆ? ಆ ಮೇಡಂ ಹೇಳಿದ್ದಕ್ಕೆ ಗೊತ್ತಾಯ್ತು, ಇಲ್ದಿದ್ರೆ ಸಾಹುಕಾರ್ರ ತೋಟ ಹಾಳು ಮಾಡ್ತಿದ್ದೆ ಅಂತಿದ್ರು.'

ಆ ಕಾಫಿ ಕುಡಿದು ಮುಗಿಸಿದೆನೇ, ಬಿಟ್ಟು ಎದ್ದೆನೇ, ನೆನಪಿಲ್ಲ. ಅವತ್ತು ಕಮಲಕ್ಕನಿಗೆ ಏನೂ ಹೇಳದೆ ಹೊರಟುಬಂದೆ. ಮೂರನೇ ಪ್ಲಾಟಿಗೆ ಹೋಗಿ ನಿಂತೆ. ನೀವು ಚೆನ್ನಾಗಿದೆ ಎಂದು ಬಿಟ್ಟಿದ್ದ ಗಿಡಗಳು ಹೂಬಿಟ್ಟು ನಿಂತಿದ್ದವು. ಇಷ್ಟು ವರ್ಷ ಇವನ್ನು ದಿನಾ ನೋಡಿಯೂ ನೀವು ನನ್ನ ಮಾತನ್ನೇ ನಂಬಿದಿರಲ್ಲ... ನಿಮ್ಮ ಗದ್ದೆ ಕಿತ್ತುಕೊಂಡಿದ್ದರೆ ವಾಪಸ್ ಕೊಡಬಹುದಿತ್ತು. ನಾನು ಕಿತ್ತುಕೊಂಡದ್ದನ್ನು ಯಾರ ಕೈಗೆ ಕೊಡಲಿ?

ಹೋದ ತಿಂಗಳು ವಿಶ್ವವಿದ್ಯಾಲಯಕ್ಕೆ ಬರೆದೆ. ಮೂರನೇ ಪ್ಲಾಟಿನ ಅಂಕಿಗಳು ನಾನೇ ಹುಟ್ಟಿಸಿದವು, ಪದವಿಯ ಬಗ್ಗೆ ನೀವು ತೀರ್ಮಾನ ಮಾಡಿ ಎಂದು. ಲೇಖನ ಅಚ್ಚಾಗಿದ್ದ ಪತ್ರಿಕೆಗೂ ನಿಜವಾದ ಹಾಳೆಯ ನಕಲಿಟ್ಟು ಬರೆದೆ. ಅಮ್ಮ ತಲೆ ಚಚ್ಚಿಕೊಂಡರು. 'ಈಗ ಯಾರು ಬಂದು ಕೇಳಿದ್ರೇ ನಿನ್ನ? ಸತ್ತೋರು ಎದ್ದು ಬರ್ತಾರಾ? ಇರೋ ಕೆಲ್ಸ ಕಳ್ಕೊಂಡು ಏನ್ ಮಾಡ್ತೀಯ?' ವಿಚಾರಣೆ ಇನ್ನೂ ನಡೆಯುತ್ತಿದೆ. ಕೆಲಸ ಉಳಿಯುವ ಹಾಗೆ ಕಾಣುವುದಿಲ್ಲ. ಹೆದರಿಕೆಯಾಗುತ್ತದೆ, ನಿಮ್ಮ ಹತ್ತಿರ ಸುಳ್ಳೇಕೆ.

ಆಲ್ದೂರಿನಲ್ಲಿ ಬೆಳೆಗಾರರ ಸಭೆಯಿತ್ತು. ಮದ್ದು ಹೊಡೆದರೆ ಸಾಕು ಎಂದು ಹಿಂದೆ ನಾನೇ ಭಾಷಣ ಮಾಡಿದ್ದ ಹಾಲ್. ಎದ್ದು ನಿಂತು, ಅವತ್ತು ಹೇಳಿದ್ದಕ್ಕೆ ನನ್ನ ಬಳಿ ಆಧಾರವಿರಲಿಲ್ಲ, ಆಧಾರ ಇದ್ದದ್ದು ಐತಪ್ಪ ಮೇಸ್ತ್ರಿಯ ಕೈಕೆಲಸಕ್ಕೆ ಎಂದು ಹೇಳಿದೆ. ಕೆಲವರು ಎದ್ದು ಹೋದರು. ನಾನು ಹೊರಡುವಾಗ ನಿಮ್ಮ ಸಾಹುಕಾರರು ಬಾಗಿಲವರೆಗೆ ಬಂದರು. 'ನಾನು ಆ ಮನುಷ್ಯನ್ನ ಕಳೆ ಹೆರೆಯೋಕೆ ಕಳಿಸ್ದೆ ಮೇಡಂ. ನಿಮ್ಮ ಮಾತು ಕಟ್ಕೊಂಡು' ಅಂದರು. ಜೀಪು ಹತ್ತಿದರು.

ಅಲ್ಲಿಂದ ನೇರ ನಿಮ್ಮ ಮನೆಗೆ ಹೋದೆ. ಈ ಸಲ ಒಳಗೆ ಹೋಗಿ ಕೂರಲಿಲ್ಲ. ಜಗಲಿಯಲ್ಲೇ ನಿಂತು ಎಲ್ಲವನ್ನೂ ಕಮಲಕ್ಕನಿಗೆ ಹೇಳಿದೆ, ಯಂತ್ರದ ಸುಳ್ಳನ್ನೂ. ಮೊರದಲ್ಲಿ ಅಕ್ಕಿ ಆರಿಸುತ್ತಿದ್ದವರು ಕೈ ನಿಲ್ಲಿಸಿದರು. ಕ್ಷಮಿಸಿ ಎನ್ನಲು ಬಾಯಿ ತೆರೆದೆ, ಅವರು ಬೇಡವೆಂದು ಕೈ ಎತ್ತಿದರು.

'ನನ್ಗೆ ಹೇಳಿ ಏನಾಗ್ಬೇಕು? ಅವ್ರಿಗೆ ಹೇಳ್ಬೇಕಿತ್ತು ನೀವು.'

ಹೇಳುತ್ತಿದ್ದೇನೆ ಐತಪ್ಪಣ್ಣ. ಮೂರನೇ ಪ್ಲಾಟಿನಲ್ಲಿ ಅಷ್ಟು ಗಿಡ ಹೋಗಿರಲಿಲ್ಲ. ನೀವು ಎಣಿಸಿದ್ದು ಸರಿಯಾಗಿತ್ತು. ನಿಮ್ಮ ಕಣ್ಣಿಗೆ ಏನೂ ಆಗಿರಲಿಲ್ಲ.