ಪೇಶೆಂಟ್ ಕಡೆಯವರು ಯಾರು?

ಮಾನ್ಯ ಆರೋಗ್ಯಾಧಿಕಾರಿಗಳೇ,

ನನ್ನ ಗರ್ಭಕೋಶ ತೆಗೆದಿದ್ದಾರೆ, ನನ್ನನ್ನು ಕೇಳದೆ. ಅದನ್ನು ಹೇಳಲು ನಿಮ್ಮ ಕಚೇರಿಯ ಬೆಂಚು ಸವೆಯುವಷ್ಟು ಕೂತೆ. ತಮಗೆ ಪುರುಸೊತ್ತಾಗಲಿಲ್ಲ. ಹಾಗಾಗಿ ಊರೇ ಓದಲಿ ಎಂದು ಪತ್ರಿಕೆಗೆ ಬರೆಯುತ್ತಿದ್ದೇನೆ. ಮಾನ ಹೋಗುತ್ತದೆ ಎನ್ನುತ್ತಾರೆ. ಹೋಗಲು ಇನ್ನೇನು ಉಳಿದಿದೆ?

ಭಂಡಿಗಡಿಯಲ್ಲಿ ಹುಟ್ಟಿ ನೆಮ್ಮಾರಿಗೆ ಸೊಸೆಯಾಗಿ ಹೋದವಳು ನಾನು. ಹೋದ ವರ್ಷ ಅಂಡಾಶಯದ ಗೆಡ್ಡೆ ತೆಗೆಸಲು ಖಾಸಗಿ ಆಸ್ಪತ್ರೆಯೊಂದಕ್ಕೆ ಸೇರಿದೆ. ಗೆಡ್ಡೆಗಷ್ಟೇ ನಾನು ಒಪ್ಪಿದ್ದು. ಮತ್ತು ಬರಿಸಿ ಹೊಟ್ಟೆ ಕೊಯ್ದ ಮೇಲೆ ವೈದ್ಯರು ಹೊರಬಂದು, "ಪೇಶೆಂಟ್ ಕಡೆಯವರು ಯಾರು? ಗಂಡಸರು ಬನ್ನಿ" ಎಂದರಂತೆ. ಗಂಡ ವಿಘ್ನೇಶ ಕೆಲಸದ ಮೇಲೆ ನರಸಿಂಹರಾಜಪುರಕ್ಕೆ ಹೋಗಿದ್ದರು. ಮಾವ ಗಣಪಯ್ಯನವರು ಎದ್ದು ಹೋಗಿ, ಗರ್ಭಕೋಶವನ್ನೂ ತೆಗೆಯಲು ಸಹಿ ಹಾಕಿದರು. ನನಗೆ ಎಚ್ಚರವಾಗುವ ತನಕ ಕಾಯಬಾರದಿತ್ತೇ?

ಮಾವ ಸೊಸೆ ಎದುರುಬದುರು ಮಾತಾಡದ ಮನೆ ಅದು. ಕಾಫಿ ಬೇಕೆಂದರೂ ಅವರು ಅತ್ತೆಯ ಬಾಯಿಂದ ಹೇಳಿಸುವವರು. ಅಂಥವರು ನನ್ನ ಬಳಿ ಗರ್ಭಕೋಶದ ಮಾತೆತ್ತುತ್ತಾರೆಯೇ? ನಾಚಿಕೆಯಿಂದ ಹೆಂಡತಿಗೂ ಹೇಳಲಿಲ್ಲ, ಮಗನಿಗೂ ಹೇಳಲಿಲ್ಲ. ಕಡೆಯವರಿಗೆ ತಿಳಿಸಿ ಕಾಗದಪತ್ರವನ್ನೂ ಅವರ ಕೈಗೇ ಕೊಟ್ಟಾಯಿತಲ್ಲ ಎಂದು ವೈದ್ಯರೂ ಸುಮ್ಮನಾದರು.

ಮುಟ್ಟು ನಿಂತಿತು. ಅತ್ತೆ ಯಮುನಮ್ಮನವರಿಗೆ ಹಿಗ್ಗೋ ಹಿಗ್ಗು. "ಹೊರಗಾಗದೆ ಎರಡು ತಿಂಗಳಾಯ್ತಲ್ಲೇ ಕೂಸೇ, ಬಾಯಿಗೆ ಎಂತ ಬೇಕು ಹೇಳು" ಎಂದು ಪಾಯಸ ಮಾಡಿದರು. ನಾನೂ ನಂಬಿದೆ, ಸ್ವಾಮಿ! ಹೆಸರು ಕೂಡ ಯೋಚಿಸಿಟ್ಟಿದ್ದೆ. ಮಾವ ತಲೆ ಎತ್ತದೆ ಪಾಯಸ ಉಂಡು ಎದ್ದು ಹೋದರು.

ಸ್ಕ್ಯಾನಿಂಗ್ ಮಾಡಿದಾಕೆ, "ಗರ್ಭಕೋಶನೇ ಇಲ್ವಲ್ಲಮ್ಮ, ಎಂತ ಹುಡುಕೋದು?" ಎಂದಳು. ಮನೆಗೆ ಬಂದು ನಾನು ಬೊಬ್ಬೆ ಹೊಡೆದಾಗಲೂ ಮಾವ ತಿರುಗಿದ್ದು ಅತ್ತೆಯ ಕಡೆಗೇ: "ಸೊಸೆ ಹತ್ರ ಆ ಮಾತು ನಾ ಹೆಂಗೆ ಆಡೂದು ಮಾರಾಯ್ತಿ?"

ಈಗ ಕಾನೂನಿನ ಸಂಗತಿ. ಗಂಡ ವಿಚ್ಛೇದನಕ್ಕೆ ಹಾಕಿದ್ದಾರೆ. ಗಂಡನಿಗೆ ತಿಳಿಸದೆ ಹೆಂಡತಿ ಮಕ್ಕಳಾಗದಂತೆ ಮಾಡಿಸಿಕೊಂಡರೆ ಅದು ಕ್ರೌರ್ಯವಾಗಬಹುದೆಂದು ಹೋದ ವರ್ಷ ಸುಪ್ರೀಂ ಕೋರ್ಟು ಹೇಳಿದೆಯಂತೆ. ನಾನೇ ಗುಟ್ಟಾಗಿ ತೆಗೆಸಿಕೊಂಡೆನೆಂದು ಅವರ ವಕೀಲರು ಅದನ್ನೇ ಹಿಡಿದಿದ್ದಾರೆ. ಕ್ರೂರಿ ನಾನು! ರೋಗಿಯ ಒಪ್ಪಿಗೆಯೇ ಬೇಕು, ಮನೆಯವರದ್ದು ಸಾಲದು ಎಂದು ಅದೇ ಕೋರ್ಟು ಈ ವರ್ಷ, ಅಂದರೆ ೨೦೦೮ರಲ್ಲಿ, ಹೇಳಿತು. ಓದಿ ಅತ್ತುಬಿಟ್ಟೆ. ಆದರೆ ಪೊಲೀಸರು ೨೦೦೫ರ ತೀರ್ಪು ತೋರಿಸುತ್ತಾರೆ: ವೈದ್ಯರ ಮೇಲೆ ಕ್ರಮಕ್ಕೆ ಮೊದಲು ಇನ್ನೊಬ್ಬ ವೈದ್ಯರ, ಸರ್ಕಾರಿಯಾದರೆ ಒಳ್ಳೆಯದು, ಅಭಿಪ್ರಾಯ ಬೇಕು. ನಿಮ್ಮ ವೈದ್ಯರನ್ನು ಕೇಳಿದರೆ, "ನಾಳೆ ಅವರ ಮುಖ ನೋಡ್ಬೇಕಲ್ಲಮ್ಮ, ನಾವು ಬರೆಯೋದು ಹೆಂಗೆ?" ಎನ್ನುತ್ತಾರೆ. ನನ್ನ ಮುಖ ಯಾರು ನೋಡಬೇಕು?

ಮಾವ ಕೋರ್ಟಿನಲ್ಲಿ ಒಂದು ಮಾತು ಹೇಳಿದರೆ ನನ್ನ ತಲೆಯ ಮೇಲಿನ ಅಪವಾದ ಹೋಗುತ್ತದೆ. ಸೊಸೆಯ ಎದುರು ಹೇಳಲಾರರಂತೆ. ಉಳಿದದ್ದು ನೀವು. ಬೇರೆ ಜಿಲ್ಲೆಯ ವೈದ್ಯರೊಬ್ಬರನ್ನು ಕಳಿಸಿ, ನನ್ನನ್ನು ಕೇಳದೆ ತೆಗೆದದ್ದು ತಪ್ಪೋ ಸರಿಯೋ, ಬರೆಸಿಕೊಡಿ. ಮಾಡುವುದಿಲ್ಲವೆಂದು ಬಲ್ಲೆ. ಹಾಗಾದರೆ ಮಾಡುವುದಿಲ್ಲ ಎಂದಾದರೂ ಬರೆಯಿರಿ.

ಆದರೆ ದಯವಿಟ್ಟು ನನ್ನ ಹೆಸರಿಗೆ ಬರೆಯಿರಿ. ಹೋದ ಸಲ ನನ್ನ ಅರ್ಜಿಗೆ ನಿಮ್ಮ ಕಚೇರಿ ಉತ್ತರ ಕಳಿಸಿದ್ದು ಮಾವನವರ ಹೆಸರಿಗೆ. ಅದರಲ್ಲಿ ಏನಿತ್ತೆಂದು ಅವರು ಈವರೆಗೂ ನನಗೆ ಹೇಳಿಲ್ಲ.

ಇಂತಿ,
ಕಡೆಯವಳಲ್ಲ, ಪೇಶೆಂಟೇ ಆದ
ಅರ್ಪಣಾ
ಸದ್ಯ ತವರುಮನೆ, ಭಂಡಿಗಡಿ