ನಮ್ಮ ಮನೆ ದೇವಸ್ಥಾನವಲ್ಲ, ನಕ್ಷೆಯಿಂದ ತೆಗೆಯಿರಿ

ಯಾತ್ರಾ ನಕ್ಷೆ ವಿಭಾಗದ ಮಾನ್ಯ ಮುಖ್ಯಾಧಿಕಾರಿಗಳೇ,

ರಾತ್ರಿ ಒಂದು ನಲವತ್ತಕ್ಕೆ ಗಂಟೆ ಬಡಿಯಿತು. ಕಾಲಿಂಗ್ ಬೆಲ್ ಅಲ್ಲ, ಅದರ ವೈರನ್ನು ಹೋದ ವಾರವೇ ಕಿತ್ತು ಹಾಕಿದ್ದೇವೆ. ಇದು ಹಿತ್ತಾಳೆಯ ಗಂಟೆ, ಯಾರೋ ಭಕ್ತರು ನಮ್ಮ ಸೇಫ್ಟಿ ಡೋರಿಗೆ ಕೆಂಪು ದಾರದಲ್ಲಿ ಕಟ್ಟಿ ಹೋದದ್ದು. ಇಂಥದ್ದು ಮೂರನೆಯದು. ಮೊದಲಿನೆರಡನ್ನು ಬಿಚ್ಚಿ ಅಡುಗೆಮನೆಯಲ್ಲಿಟ್ಟಿದ್ದೇನೆ. ತಮ್ಮ ವಿಭಾಗಕ್ಕೆ ಬೇಕಿದ್ದರೆ ಕಳಿಸಿಕೊಡುತ್ತೇನೆ.

ನನ್ನ ದೂರು ಒಂದೇ. ಮಲಾಡಿನಲ್ಲಿ, ಮೂರನೇ ಮಹಡಿಯಲ್ಲಿರುವ ನಮ್ಮ ಒಂದು ಬೆಡ್‌ರೂಮಿನ ಮನೆ ತಮ್ಮ ಮೊಬೈಲ್ ದರ್ಶನ ನಕ್ಷೆಯಲ್ಲಿ ಹಸಿರು ಚುಕ್ಕೆಯಿಟ್ಟ ದೇವಸ್ಥಾನವಾಗಿ ಕೂತಿದೆ. ‘ಮಲಾಡ್ ಬಾಲಗಣಪತಿ. ದೃಢೀಕರಿಸಿದ ಕ್ಷೇತ್ರ. ದರ್ಶನ ದಿನದ ಇಪ್ಪತ್ತನಾಲ್ಕು ಗಂಟೆ.’ ದೃಢೀಕರಿಸಿದವರು ಯಾರು ಸ್ವಾಮೀ? ಯಾವಾಗ ಬಂದಿದ್ದರು? ಬಂದಿದ್ದರೆ ಬಾಲ್ಕನಿಯಲ್ಲಿ ಒಣಗುತ್ತಿದ್ದ ಮಗುವಿನ ಲಂಗೋಟಿಗಳನ್ನು ಧ್ವಜಪತಾಕೆ ಎಂದುಕೊಂಡರೇ?

ತಪ್ಪಿನಲ್ಲಿ ನನ್ನ ಪಾಲೂ ಇದೆ. ಅದನ್ನು ಮುಚ್ಚಿಡುವುದಿಲ್ಲ. ನನ್ನ ಮಗಳು ತನುಶ್ರೀ ಏಳು ತಿಂಗಳಿಗೇ ಹುಟ್ಟಿದವಳು. ಇಪ್ಪತ್ತಾರು ದಿನ ಗಾಜಿನ ಪೆಟ್ಟಿಗೆಯಲ್ಲಿದ್ದಳು. ಅವಳ ಉಸಿರು ಹದಕ್ಕೆ ಬಂದರೆ ಈ ಊರಿನ ಹನ್ನೊಂದು ಗಣಪತಿಗಳಿಗೆ ಅವಳನ್ನು ಕರೆದೊಯ್ದು ತೋರಿಸುತ್ತೇನೆ ಎಂದು ಹರಕೆ ಹೊತ್ತಿದ್ದೆ. ಪ್ರತಿ ಗುಡಿಯ ಬಾಗಿಲಲ್ಲಿ ಫೋಟೋ ತೆಗೆದು ತಮ್ಮ ನಕ್ಷೆಗೆ ಏರಿಸಿದರೆ, ಎಲ್ಲಿ ತೆಗೆದದ್ದೆಂದು ಅದೇ ಗುರುತು ಹಾಕಿಕೊಂಡು, ಹನ್ನೊಂದಾದ ಮೇಲೆ ‘ಯಾತ್ರೆ ಸಂಪೂರ್ಣ’ ಎಂಬ ಪ್ರಮಾಣಪತ್ರ ಕೊಡುತ್ತದೆ. ದೇವರಿಗೆ ತೀರಿಸಿದ ಹರಕೆಗೆ ಸರ್ಕಾರಿ ಪ್ರಮಾಣಪತ್ರ ಯಾಕೆ ಬೇಕಿತ್ತು ಎಂದು ಈಗ ನಾಚಿಕೆಯಾಗುತ್ತದೆ. ಆಗ ಆಸೆಯಾಗಿತ್ತು. ಮಗು ಬದುಕಿದೆ ಎಂದು ಯಾರಾದರೂ ಬರೆದುಕೊಡಲಿ ಅನ್ನಿಸಿತ್ತು.

ಹತ್ತು ಆಯಿತು. ಹನ್ನೊಂದನೆಯ ಗುಡಿಗೆ ಹೊರಟ ದಿನ ಮಗುವಿಗೆ ಜ್ವರ. ನನ್ನ ಅತ್ತೆ ಸುಬ್ಬಲಕ್ಷ್ಮಿ ಬಾಗಿಲಿಗೆ ಅಡ್ಡ ನಿಂತರು. “ಜ್ವರದ ಮಗೂನ ಲೋಕಲ್ ಟ್ರೈನಲ್ಲಿ ಎಳ್ಕೊಂಡು ಹೋಗ್ತೀಯಾ? ಗಣಪ ಎಲ್ಲಿದ್ರೂ ಗಣಪನೇ ಕಣೇ. ಮನೇಲಿರೋನು ಏನು ಕಮ್ಮಿ? ಇವನ ಮುಂದೇನೇ ಕೂರ್ಸಿ ತೆಗಿ.” ಮೈಸೂರಿನಿಂದ ಅವರು ಮದುವೆಯಾಗಿ ಬಂದಾಗ ಮಡಿಲಲ್ಲಿಟ್ಟು ತಂದ ಗೇಣುದ್ದದ ಗಣಪ ಅದು. ಅವನ ಮುಂದೆ ಮಗುವನ್ನು ಕೂರಿಸಿ ಫೋಟೋ ತೆಗೆದೆ. ಸ್ಥಳದ ಹೆಸರು ಕೇಳಿತು, ‘ನಮ್ಮ ಗಣಪ, ಮಲಾಡ್’ ಎಂದು ಬರೆದೆ. ಫಲ ಕೇಳಿತು, ‘ಮಗು ಕೊಟ್ಟ’ ಎಂದು ಬರೆದೆ. ಬಾಗಿಲು ಮುಚ್ಚುವ ಸಮಯ ಕೇಳಿತು. ಮನೆಯ ಬಾಗಿಲಿಗೆ ಎಂಥ ಸಮಯ? ಖಾಲಿ ಬಿಟ್ಟೆ.

ಆ ಖಾಲಿ ಜಾಗವೇ ತಮಗೆ ಇಪ್ಪತ್ತನಾಲ್ಕು ಗಂಟೆಯಾಯಿತು. ‘ಮಗು ಕೊಟ್ಟ’ ಎಂಬ ಎರಡು ಮಾತು ಸ್ಥಳಮಹಿಮೆಯಾಯಿತು. ಜ್ವರದಲ್ಲಿ ಕೆಂಪೇರಿದ್ದ ನನ್ನ ಮಗಳ ಮುಖ ಕ್ಷೇತ್ರದ ಚಿತ್ರವಾಯಿತು, ‘ನಮ್ಮ ಗಣಪ’ ‘ಬಾಲಗಣಪತಿ’ಯಾದ.

ಜನ ಬರತೊಡಗಿದ ಮೊದಲ ವಾರ ನಕ್ಕೆವು. ವಾಚ್‌ಮನ್ ಲಾಲಸಾಬ ವಿಜಾಪುರದ ಕಡೆಯವರು. “ಬಾಯಾರ, ನಾ ಹೆಂಗ್ ತಡೀಲ್ರಿ? ಮ್ಯಾಪ್ ನಮ್ಮ ಗೇಟಿಗೇ ಬಂದು ನಿಂದರತೈತಿ. ನನ್ನ ನೋಡಿ, ‘ಪಂಡಿತ್‌ಜೀ, ಚಪ್ಪಲ್ ಎಲ್ಲಿ ಬಿಡೂದು’ ಅಂತಾರ. ನಾ ಏನ್ ಪಂಡಿತ್‌ಜೀ ಆಗ್ಲಿ ಈ ವಯಸ್ಸಿನ್ಯಾಗ!” ಎಂದು ಅವರೂ ನಕ್ಕರು. ಈಗ ಅವರು ನಗುವುದಿಲ್ಲ. ನಮ್ಮ ಹೌಸಿಂಗ್ ಸೊಸೈಟಿಯ ಸೆಕ್ರೆಟರಿ ಅವರಿಗೂ ನಮಗೂ ನೋಟಿಸ್ ಕೊಟ್ಟಿದ್ದಾರೆ, ‘ಅನುಮತಿಯಿಲ್ಲದೆ ಮಂದಿರ ನಡೆಸುತ್ತಿರುವುದಕ್ಕೆ’.

ತಮಗೆ ದೂರು ಕೊಟ್ಟೆ. ತೆಗೆದುಹಾಕಲು ಟ್ರಸ್ಟಿನ ಒಪ್ಪಿಗೆಪತ್ರ ಬೇಕು ಎಂದು ಉತ್ತರ ಬಂತು. ಟ್ರಸ್ಟ್ ಇಲ್ಲ ಎಂದೆ. ಹಾಗಿದ್ದರೆ ಅರ್ಚಕರ ಸಹಿ ಎಂದಿರಿ. ಅರ್ಚಕರಿಲ್ಲ, ಅತ್ತೆ ಇದ್ದಾರೆ ಎಂದೆ. ಹಾಗಿದ್ದರೆ ಸ್ಥಳದಲ್ಲೇ ನಿಂತು, ಲೊಕೇಶನ್ ಆನ್ ಮಾಡಿ, ಇದು ಧಾರ್ಮಿಕ ಸ್ಥಳವಲ್ಲ ಎಂದು ತೋರಿಸುವ ಫೋಟೋ ಕಳಿಸಿ ಎಂದಿರಿ. ವಾಷಿಂಗ್ ಮೆಷೀನಿನ ಫೋಟೋ ಕಳಿಸಿದೆ. ಅದು ಮರುದಿನ ತಮ್ಮ ‘ಭಕ್ತರ ಚಿತ್ರಗಳು’ ವಿಭಾಗದಲ್ಲಿತ್ತು, ಅದಕ್ಕೆ ಹದಿನೇಳು ಜನ ಕೈ ಮುಗಿದಿದ್ದರು. ಇಡೀ ಹಾಲ್ ಕಾಣುವಂತೆ ಇನ್ನೊಂದು ಕಳಿಸಿದೆ. ‘ಚಿತ್ರದಲ್ಲಿ ವಿಗ್ರಹ ಕಾಣುತ್ತಿದೆ. ಮನವಿ ತಿರಸ್ಕೃತ’ ಎಂದು ಬಂತು.

ಇದನ್ನು ಓದಿ ಹೇಳಿದಾಗ ಅತ್ತೆ ಕೇಳಿದರು, “ಅವರ ಗುರುತು ಅಳ್ಸೋಕೆ ನಾನು ನನ್ನ ದೇವರನ್ನ ಪೆಟ್ಟಿಗೆಗೆ ಹಾಕ್ಬೇಕಾ? ನಮ್ಮನೇಲಿ ದೇವರಿರೋದೇ ತಪ್ಪಾಯ್ತಾ?” ಮಾನ್ಯರೇ, ಈ ಪ್ರಶ್ನೆಗೆ ತಮ್ಮ ಫಾರ್ಮಿನಲ್ಲಿ ಯಾವ ಅಂಕಣವಿದೆ?

ಇಲ್ಲಿಯವರೆಗಿನದ್ದು ನಗಬಹುದಾದ ಕಥೆ. ಕಳೆದ ಗುರುವಾರದ್ದು ಅಲ್ಲ. ವಿಕ್ರೋಳಿಯಿಂದ ವೈಶಾಲಿ ಎಂಬ ಹೆಣ್ಣುಮಗಳು ಬಂದಿದ್ದಳು. ಒಂಬತ್ತು ವರ್ಷದಿಂದ ಮಕ್ಕಳಿಲ್ಲ. “ತಾಈ, ಫಕ್ತ ಪಾಚ್ ಮಿನಿಟ್,” ಐದೇ ನಿಮಿಷ ಎಂದು ಬಾಗಿಲ ಸರಳು ಹಿಡಿದು ಅತ್ತಳು. ಇದು ಮನೆ, ಗುಡಿಯಲ್ಲ ಎಂದೆ. ತಮ್ಮ ನಕ್ಷೆಯನ್ನು ತೆಗೆದು ನನ್ನ ಮುಖದ ಮುಂದೆ ಹಿಡಿದಳು. ನನ್ನ ಮಾತಿಗಿಂತ ತಮ್ಮ ಹಸಿರು ಗುರುತನ್ನು ನಂಬಿದಳು. ಒಳಗೆ ಬಿಟ್ಟೆ. ನಾನು ನೀರು ತರಲು ಹೋದೆ. ಅಷ್ಟರಲ್ಲಿ ಅವಳು ಮಗುವಿನ ಕಾಲಿಗೆ ಹಣೆ ಹಚ್ಚಿ, ಅದರ ಬಾಯಿಗೆ ಪೇಡೆಯ ತುಂಡು ಇಟ್ಟಿದ್ದಳು.

ಮಗು ಉಸಿರು ಕಟ್ಟಿ ನೀಲಿಯಾಯಿತು. ಅತ್ತೆ ಬೋರಲು ಹಾಕಿ ಬೆನ್ನಿಗೆ ಬಡಿದರು. ಎಷ್ಟು ಹೊತ್ತು ಎಂದು ನನಗೆ ಗೊತ್ತಿಲ್ಲ. ಆ ಬಣ್ಣ ಮಾತ್ರ ಗೊತ್ತು. ಗಾಜಿನ ಪೆಟ್ಟಿಗೆಯಲ್ಲಿ ಅದನ್ನು ಮೊದಲೂ ಒಮ್ಮೆ ಕಂಡಿದ್ದೆ. ಪೇಡೆ ಹೊರಬಿತ್ತು, ಮಗು ಕಿರುಚಿತು. ವೈಶಾಲಿ ಗೋಡೆಗೆ ಒರಗಿ “ಮಾಫ್ ಕರಾ, ಮಾಫ್ ಕರಾ” ಎನ್ನುತ್ತ ಕುಸಿದಳು. ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವಳನ್ನು ನನ್ನ ಬಾಗಿಲಿಗೆ ಕಳಿಸಿದವರು ತಾವು. ನನಗೆ ತಮ್ಮ ಮೇಲೆ ಬರುತ್ತಿರುವುದು ಸಿಟ್ಟೂ ಅಲ್ಲ, ಹೇಸಿಗೆ. ಹತಾಶ ಜನರ ಒಂಬತ್ತು ವರ್ಷದ ಆಸೆಯನ್ನು ಒಂದು ಹಸಿರು ಚುಕ್ಕೆಯಿಂದ ಅಲೆದಾಡಿಸುವ, ತಪ್ಪು ತೋರಿಸಿದರೆ ವಿಗ್ರಹ ಕಾಣುತ್ತಿದೆ ಎನ್ನುವ ಆ ತಣ್ಣಗಿನ ಸೋಮಾರಿತನದ ಬಗ್ಗೆ ಹೇಸಿಗೆ.

ಇಂದು ಮಂಗಳವಾರ. ಅಂಗಾರಕಿ ಸಂಕಷ್ಟಿ. ಈ ಊರಿನಲ್ಲಿ ಜನ ರಾತ್ರಿಯೇ ಮನೆ ಬಿಟ್ಟು ಗಣಪನಿಗೆ ನಡೆಯುತ್ತಾರೆಂದು ತಮಗೆ ಹೇಳಬೇಕಿಲ್ಲ. ‘ಇಂದಿನ ವಿಶೇಷ ದರ್ಶನ’ದ ಪಟ್ಟಿಯಲ್ಲಿ ನಮ್ಮ ಮನೆಯನ್ನೂ ತಾವು ಸೇರಿಸಿದ್ದೀರಿ. ಬರುತ್ತೇವೆ ಎಂದು ಗುರುತು ಹಾಕಿದವರು ಎಂಟುನೂರ ನಲವತ್ತೆರಡು ಜನ. ನಮ್ಮ ಮೆಟ್ಟಿಲ ಅಗಲ ಮೂರೂವರೆ ಅಡಿ. ಒಂದು ನಲವತ್ತಕ್ಕೆ ಗಂಟೆ ಬಾರಿಸಿದವರು ನಾಲ್ವರು, ಈಗಲೂ ಮೆಟ್ಟಿಲ ಮೇಲೇ ಕೂತಿದ್ದಾರೆ. ನನ್ನ ಗಂಡ ಅನುರಾಗ್ ಬಾಗಿಲ ಒಳಗೆ ಸ್ಟೂಲ್ ಹಾಕಿಕೊಂಡು ಕಾವಲಿದ್ದಾರೆ. ಮೆಟ್ಟಿಲ ಮೇಲಿನವರಲ್ಲೊಬ್ಬ ಅಜ್ಜಿ ಸರಳಿನ ನಡುವೆ ಅವರ ಕೈಗೆ ಬಾಳೆಹಣ್ಣು ಕೊಟ್ಟು, “ಬೇಟಾ, ಪಟ್ ಕಬ್ ಖುಲೇಗಾ?” ಗುಡಿಯ ಬಾಗಿಲು ಯಾವಾಗ ತೆರೆಯುತ್ತದೆ ಎಂದು ಕೇಳಿದಳು. ಅನುರಾಗ್ ಆ ಹಣ್ಣನ್ನು ಹಿಡಿದುಕೊಂಡೇ ಕೂತಿದ್ದಾರೆ.

ಬಾಗಿಲು ತೆರೆದರೆ ನನ್ನ ಮಗಳಿಗೆ ಅಪಾಯ. ತೆರೆಯದಿದ್ದರೆ ಇಷ್ಟು ಜನ ದೇವರೇ ತಮಗೆ ಬಾಗಿಲು ಹಾಕಿದ ಎಂದುಕೊಂಡು ಹೋಗುತ್ತಾರೆ. ಇವೆರಡರಲ್ಲಿ ಒಂದನ್ನು ಆರಿಸುವ ಕೆಲಸ ನನ್ನದಲ್ಲ, ತಮ್ಮದು.

ನನಗೆ ಕ್ಷಮಾಪಣೆ ಬೇಡ, ಪರಿಹಾರ ಬೇಡ, ಆ ಪ್ರಮಾಣಪತ್ರವೂ ಬೇಡ. ಆ ಚುಕ್ಕೆಯನ್ನು ಅಳಿಸಿ. ತಮ್ಮ ಸಹಾಯವಾಣಿ ಹತ್ತು ಗಂಟೆಗೆ ತೆರೆಯುತ್ತದಂತೆ. ತಮ್ಮ ಬಾಗಿಲಿಗಾದರೂ ಸಮಯವಿದೆಯಲ್ಲ, ಸಂತೋಷ. ಆದರೆ ಜನ ಬೆಳಗಿನ ಐದಕ್ಕೆ ಬರುತ್ತಾರೆ. ಅದಕ್ಕೇ ಈ ಪತ್ರವನ್ನು ಎಲ್ಲರೂ ನೋಡುವಂತೆ ಮೊಬೈಲಿನಲ್ಲಿ ಹಾಕುತ್ತಿದ್ದೇನೆ. ಈ ಪತ್ರ ಈಗ ಓದುತ್ತಿರುವವರಲ್ಲಿ ಯಾರಿಗಾದರೂ ಈ ಮುಖ್ಯಾಧಿಕಾರಿ ಸಾಹೇಬರ ಮನೆಯ ನಂಬರ್ ಗೊತ್ತಿದ್ದರೆ, ದಯವಿಟ್ಟು ಅವರನ್ನು ಎಬ್ಬಿಸಿ. ನನಗೂ ಫೋನ್ ಮಾಡಿಸಿ. ಬೆಳಗಾಗುವ ಮೊದಲು ಮಾಡಿ. ಮೊಬೈಲ್ ನನ್ನ ಕೈಯಲ್ಲೇ ಇದೆ, ಮಗು ನಿದ್ದೆಯಲ್ಲಿದೆ, ಮೊದಲ ರಿಂಗಿಗೇ ಎತ್ತುತ್ತೇನೆ.

ಇಂತಿ,
ತಾವು ದೃಢೀಕರಿಸಿದ ಕ್ಷೇತ್ರದಲ್ಲಿ ನೆಲ ಒರೆಸುವವಳು,
ಭಾವನಾ
ಮಲಾಡ್